ಹಿಟ್ಟಿನ ಹಲಗೆ

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಈ ಬೆಂಚಿನ ಕಾಲು ಈಗಲೇ ಮುರೀಲಿ. ನೋಡು, ಮುರೀಲಿಲ್ಲ. ಒಂದು ಕಾಲು ಮೊದಲೇ ಮುರಿದಿತ್ತು, ಅದನ್ನ ಲೆಕ್ಕಕ್ಕೆ ಹಿಡೀಬೇಡ.

ಕೂತ್ಕೋ ತಂಗಿ. ಸ್ಟುಡಿಯೋ ಗೇಟು ತೆಗೆಯೋಕೆ ಇನ್ನೂ ಹೊತ್ತಿದೆ. ಒಳಗಿನೋರು ಎದ್ದು, ಹಲ್ಲುಜ್ಜಿ, ಕನ್ನಡೀಲಿ ತಮ್ಮ ಮುಖ ತಾವೇ ಮೆಚ್ಚಿಕೊಂಡು ಬರೋಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತೆ. ಕಪ್ಪು ಬಟ್ಟೆ ಹಾಕ್ಕೊಂಡು ಬಾ ಅಂದಿದ್ದಾರೆ ಅಲ್ವಾ? ನೋಡಿದ ತಕ್ಷಣ ಗೊತ್ತಾಯ್ತು. ಹಲಗೆ ಮೇಲೆ ಕೂತು ಜರಡಿ ಆಡಿಸೋದು ಅಷ್ಟೇ, ಮಕ್ಕಳಾಟ, ಅಂತಲೂ ಅಂದಿರ್ತಾರೆ. ಟೀ ತಗೋ. ಈ ಅಂಗಡೀಲಿ ಟೀ ಕೊಡೋಳು ಲೋಟನ ಎರಡು ಮಣಿಕಟ್ಟಿನ ಮಧ್ಯೆ ಒತ್ತಿ ಹಿಡಿದು ಕೊಡ್ತಾಳೆ, ಬೇಜಾರು ಮಾಡ್ಕೋಬೇಡ. ಅವಳು ಕೊಡೋದೇ ಹಾಗೆ. ಯಾಕೆ ಅಂತ ಹೇಳ್ತೀನಿ, ಕುಡಿ.

ಈ ಸ್ಟುಡಿಯೋದಲ್ಲಿ ಜರಡಕ್ಕ ಅಂತ ಒಬ್ಬಳು ಕೆಲಸಕ್ಕಿದ್ಲು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತು, ಅದನ್ನ ಕೇಳೋಕೆ ಯಾರಿಗೂ ಪುರುಸೊತ್ತಾಗಲಿಲ್ಲ. ಜರಡಕ್ಕ ಅನ್ನೋದೂ ಹೊರಗಿನ ನಮ್ಮ ಮಾತು. ಒಳಗೆ ಅವಳನ್ನ 'ಹಿಟ್ಟು' ಅಂತಿದ್ರು. 'ಹಿಟ್ಟು ಎಲ್ಲಿ ಹೋಯ್ತು?' 'ಹಿಟ್ಟು ಮೇಲೆ ಹತ್ತಿದೆ ಸಾರ್.' 'ಹಿಟ್ಟಿಗೆ ಹೇಳು, ಕೆಮ್ಮೋದಿದ್ರೆ ಈಗಲೇ ಕೆಮ್ಮಿಬಿಡಲಿ ಅಂತ.' ಹೀಗೆ.

ಸಿನಿಮಾದಲ್ಲಿ ಯುದ್ಧ ಆಗ್ತಿದ್ರೆ ಧೂಳು ಬೇಕು. ಧೂಳಿಲ್ದೆ ಹೀರೋ ನಡೆದು ಬಂದ್ರೆ ಹಾಲು ತರೋಕೆ ಹೊರಟೋನ ಹಾಗೆ ಕಾಣ್ತಾನೆ. ಮೊದಲೆಲ್ಲ ನಿಜವಾದ ಮಣ್ಣನ್ನೇ ತೂರ್ತಿದ್ರು. ಒಂದಿನ ಹೀರೋ ಕೆನ್ನೆ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅದನ್ನ ನೋಡೋಕೆ ದೊಡ್ಡ ಡಾಕ್ಟ್ರು ಬಂದ್ರು. ಅವರಿಗಿಂತ ದೊಡ್ಡ ಡಾಕ್ಟ್ರು ಇನ್ನೊಬ್ರು ಬಂದ್ರು. ಇಬ್ರೂ ಭೂತಗನ್ನಡಿ ಹಿಡಿದು ಗುಳ್ಳೆ ಎಲ್ಲಿದೆ ಅಂತ ಮಧ್ಯಾಹ್ನದವರೆಗೂ ಹುಡುಕಿದ್ರು. ಅವತ್ತಿಂದ ಮಣ್ಣು ಬಂದ್. ಕಾರ್ನ್‌ಫ್ಲೋರ್ ತರಿಸಿ, ಮಣ್ಣಿನ ಬಣ್ಣ ಕಲಸಿ, ಅದನ್ನ ಸುರಿಯಿರಿ ಅಂದ್ರು. ತಿನ್ನೋ ಹಿಟ್ಟು, ಚರ್ಮಕ್ಕೆ ಒಳ್ಳೇದು. ಯಾರ ಚರ್ಮಕ್ಕೆ ಅಂತ ಯಾರೂ ಕೇಳಲಿಲ್ಲ.

ಸೂರಿನ ತೊಲೆಗೆ ಹಗ್ಗ ಕಟ್ಟಿ ಉದ್ದದ ಹಲಗೆ ತೂಗುಹಾಕಿದ್ರು. ಒಂದು ತುದೀಲಿ ಜರಡಕ್ಕ. ಇನ್ನೊಂದು ತುದೀಲಿ ಅವಳ ನಾದಿನಿ, ಗಂಡನ ತಂಗಿ. ಕ್ಯಾಮೆರಾಕ್ಕೆ ಕಾಣಬಾರದು ಅಂತ ಕಪ್ಪು ಬಟ್ಟೆ, ಕೈಗೆಲ್ಲ ಮಸಿ. ಕಾಲು ಇಳಿಬಿಡೋ ಹಾಗಿಲ್ಲ, ಮಡಚಿಕೊಂಡೇ ಕೂರಬೇಕು. ತೋಳು ಚಾಚಿ ಜರಡಿ ಹಿಡೀಬೇಕು. ಡೈರೆಕ್ಟ್ರು 'ಹಿಟ್ಟು' ಅಂದ್ರೆ ಆಡಿಸಬೇಕು. 'ಕಟ್' ಅಂದ್ರೆ ನಿಲ್ಲಿಸಬೇಕು. ಆಮೇಲೆ ಏಣಿ ಇಳಿದು, ನೆಲಕ್ಕೆ ಬಿದ್ದ ಹಿಟ್ಟನ್ನ ಗುಡಿಸಿ, ಜರಡಿ ಹಿಡಿದು, ಮತ್ತೆ ಡಬ್ಬಕ್ಕೆ ತುಂಬಿಕೊಂಡು ಹತ್ತಬೇಕು. ಅದೇ ಹಿಟ್ಟು, ಅದೇ ನೆಲ, ಬೆಳಿಗ್ಗೆಯಿಂದ ಸಂಜೆವರೆಗೂ. ದೊಡ್ಡ ಲೈಟುಗಳ ಕಾವಿಗೆ ಸಲಸಲಕ್ಕೂ ಇನ್ನಷ್ಟು ಒಣಗಿ, ಇನ್ನಷ್ಟು ನುಣ್ಣಗಾಗ್ತಿತ್ತು. ಸಂಜೆ ಹೊತ್ತಿಗೆ ಕೈಲಿ ಹಿಡಿದ್ರೆ ಹಿಡಿದ ಹಾಗೇ ಅನಿಸ್ತಿರಲಿಲ್ಲ. ಜರಡಕ್ಕ ಮನೆಗೆ ಹೋಗಿ ಒಂದು ಸಲ ಕೆಮ್ಮಿದ್ರೆ ಎದುರು ಗೋಡೆಗೆ ಸುಣ್ಣ ಬಳಿದ ಹಾಗಾಗ್ತಿತ್ತು. ಮನೆ ಓನರು ಬಂದು ನೋಡಿ, 'ಅಡುಗೆಮನೆ ಕಡೆಗೂ ಸ್ವಲ್ಪ ಕೆಮ್ಮಮ್ಮ' ಅಂದ. ನಗಬೇಡ. ಆ ಗೋಡೆ ಈಗಲೂ ಇದೆ.

ಊಟ ಎಲ್ಲರದೂ ಆದ ಮೇಲೆ. ಕುರ್ಚಿ ಮುಟ್ಟಬಾರದು, ಹಿಟ್ಟು ಅಂಟುತ್ತೆ. ಬಕೆಟ್ ಬೋರಲು ಹಾಕ್ಕೊಂಡು ಕೂರಬೇಕು. ಹೀರೋ ನಾಯಿಗೆ ಕುರ್ಚಿ ಇತ್ತು. ಕುರ್ಚಿ ಬೆನ್ನಿನ ಮೇಲೆ ನಾಯಿ ಹೆಸರು ಬರೆದಿದ್ರು. ಒಂದಿನ ಆ ನಾಯಿ ಸೀನಿತು ಅಂತ ಶೂಟಿಂಗ್ ನಿಲ್ಲಿಸಿ ಕಿಟಕಿ ತೆಗೆಸಿದ್ರು. ನಾಯಿ ಆಚೆ ಹೋದ ಮೇಲೆ ಕಿಟಕಿ ಹಾಕಿದ್ರು. ಈ ಇಬ್ರು ಹೆಂಗಸರು ಒಳಗೇ ಇದ್ರು.

ಹಲಗೆ ಮೇಲೆ ಅತ್ತಿಗೆ ನಾದಿನಿ ಬಾಯಿ ಸುಮ್ಮನಿರ್ತಿರಲಿಲ್ಲ.

"ಅತ್ತಿಗೆ, ನಿನ್ನ ಕಡೆ ಧೂಳು ತೆಳ್ಳಗಾಯ್ತು, ನಿನ್ನ ಟೀ ಹಾಗೆ."

"ನಿನ್ನ ಕಡೆ ಗಂಟುಗಂಟಾಗಿ ಬೀಳ್ತಿದೆ ನೋಡೇ, ನಿನ್ನ ತಲೆಗೂದಲ ಹಾಗೆ."

"ಈ ಹೀರೋ ತಲೆ ಮೇಲೆ ಹಿಟ್ಟು ಸುರಿದು ಸುರಿದು ಸಾಕಾಯ್ತು. ಸ್ವಲ್ಪ ನೀರು ಹಾಕಿ ಕಲಸಿಬಿಡೋಣ್ವಾ?"

"ಸುಮ್ನಿರೇ, ಕೇಳಿಸ್ಕೊಂಡ್ರೆ ಇಬ್ಬರನ್ನೂ ಮನೆಗೆ ಕಳಿಸ್ತಾರೆ."

ಹಲಗೆ ಕೆಲಸಕ್ಕೆ ಒಂದು ಕಟ್ಟಳೆ ಇದೆ. ನಿನಗೂ ಹೇಳಿರ್ತಾರೆ. 'ಕಟ್' ಅನ್ನೋವರೆಗೂ ಜರಡಿ ಕೈ ಬಿಡಬಾರದು. ಜರಡಿ ಬಿದ್ರೆ ಶಾಟ್ ಹಾಳು, ಶಾಟ್ ಹಾಳಾದ್ರೆ ನಾಳೆಯಿಂದ ಬರಬೇಡ. ಜೇನುಹುಳ ಕಚ್ಚಿದ್ರೂ ನಾದಿನಿ ಜರಡಿ ಬಿಟ್ಟೋಳಲ್ಲ. ಒಂದು ಸಲ ನಿಜವಾಗ್ಲೂ ಕಚ್ಚಿತ್ತು. ಮೂಗು ಊದಿಸಿಕೊಂಡು, ಕಣ್ಣಲ್ಲಿ ನೀರು ಸುರಿಸ್ಕೊಂಡು ಆಡಿಸಿದ್ಲು. ಡೈರೆಕ್ಟ್ರು 'ಇವತ್ತು ಹಿಟ್ಟು ಚೆನ್ನಾಗಿತ್ತು' ಅಂದ್ರಂತೆ. ಅವಳು ಆ ಮಾತನ್ನ ವಾರವೆಲ್ಲ ಹೇಳ್ಕೊಂಡು ತಿರುಗಿದ್ಲು, ಪಾಪ.

ಇನ್ನು ಮ್ಯಾನೇಜರ್. ಅವನಿಗೆ ಪರವಾಗಿಲ್ಲಪ್ಪ ಅಂತ ಅಡ್ಡಹೆಸರು. ಹಗ್ಗ ಸವೆದಿದೆ ಅಂದ್ರೆ 'ಪರವಾಗಿಲ್ಲ.' ಏಣಿ ಮೆಟ್ಟಿಲು ಹೋಗಿದೆ ಅಂದ್ರೆ 'ಪರವಾಗಿಲ್ಲ.' ಅವನಪ್ಪ ತೀರಿಹೋದ ಸುದ್ದಿ ಫೋನಲ್ಲಿ ಬಂದಾಗಲೂ ಬಾಯಿಗೆ ಮೊದಲು ಬಂದದ್ದು ಅದೇ. ನಾನೇ ಪಕ್ಕದಲ್ಲಿದ್ದೆ.

ಅವತ್ತಿನ ಸೀನಲ್ಲಿ ಎರಡೂ ಕಡೆ ಸಾಲಾಗಿ ಪಂಜು. ಬಣ್ಣದ ಬಲ್ಬಲ್ಲ, ಎಣ್ಣೇಲಿ ಅದ್ದಿ ಸುತ್ತಿದ ಬಟ್ಟೆ, ನಿಜವಾದ ಬೆಂಕಿ. ಜರಡಕ್ಕ ಮೇಲಿಂದ ನೋಡಿ, "ಸಾರ್, ಕೆಳಗೆ ಬೆಂಕಿ, ಮೇಲಿಂದ ಹಿಟ್ಟು, ಏನೂ ಆಗಲ್ವಾ?" ಅಂದ್ಲು.

ಪರವಾಗಿಲ್ಲಪ್ಪ ನಕ್ಕ. ಎಲ್ಲರನ್ನೂ ಹತ್ತಿರ ಕರೆದ. ನೆಲದ ಮೇಲೆ ಹಿಟ್ಟು ಗುಡ್ಡೆ ಹಾಕಿಸಿದ. ಬೆಂಕಿಕಡ್ಡಿ ಗೀರಿ ಗುಡ್ಡೆಗೆ ಚುಚ್ಚಿದ. ಕಡ್ಡಿ ಪುಸ್ ಅಂತ ಆರಿಹೋಯ್ತು.

"ನೋಡಿದ್ರಾ? ಊಟದ ಹಿಟ್ಟು. ಊಟ ಯಾವತ್ತಾದ್ರೂ ಸಿಡಿದದ್ದು ಕೇಳಿದ್ದೀರಾ?"

ಎಲ್ಲರೂ ಚಪ್ಪಾಳೆ ಹೊಡೆದ್ರು. ಹೀರೋ ಕೂಡ ಒಂದು ಕೈಯಿಂದ ಇನ್ನೊಂದು ಕೈ ಮುಟ್ಟಿದ. ಗುಡ್ಡೆಯಾಗಿ ಬಿದ್ದ ಹಿಟ್ಟು ಬೇರೆ, ಗಾಳೀಲಿ ಹರಡಿದ ಹಿಟ್ಟು ಬೇರೆ ಅಂತ ಅವತ್ತು ಅಲ್ಲಿದ್ದೋರು ಒಬ್ಬರಿಗೂ ಹೊಳೀಲಿಲ್ಲ. ಜರಡಕ್ಕನಿಗೂ ಹೊಳೀಲಿಲ್ಲ. ಕಡ್ಡಿ ಆರಿದ್ದನ್ನ ಅವಳೂ ಕಣ್ಣಾರೆ ನೋಡಿದ್ಲು. ನಂಬಿದ್ಲು. ಜರಡಿ ಎತ್ಕೊಂಡ್ಲು.

"ಹಿಟ್ಟು" ಅಂದ್ರು ಡೈರೆಕ್ಟ್ರು.

ಇಬ್ರೂ ಆಡಿಸಿದ್ರು. ಹಿಟ್ಟು ಮೋಡದ ಹಾಗೆ ಇಳೀತು. ಹೀರೋ ಕತ್ತಿ ಎತ್ಕೊಂಡು ಬಂದ. ಜರಡಕ್ಕನ ಜರಡಿ ಆಗ ತಾನೇ ಖಾಲಿಯಾಗಿತ್ತು, ಡಬ್ಬಕ್ಕೆ ಕೈ ಹಾಕಿದ್ಲು. ಅದರಿಂದಲೇ ಅವಳ ಕೈ ಅವಳ ಹತ್ತಿರ ಉಳೀತು.

ಸದ್ದು ಅಂಥ ದೊಡ್ಡದೇನಲ್ಲ. ಯಾವುದೋ ದೊಡ್ಡ ಪ್ರಾಣಿ ಉಸಿರು ಒಳಗೆಳ್ಕೊಂಡ ಹಾಗೆ, ಭುಸ್ ಅಂತ. ಆಮೇಲೆ ಮೋಡಕ್ಕೆ ಮೋಡವೇ ಹತ್ಕೊಂಡಿತು. ಬೆಂಕಿ ನೆಲದ ಮೇಲೆ ಓಡಲಿಲ್ಲ. ಬೀಳ್ತಿದ್ದ ಹಿಟ್ಟನ್ನೇ ಏಣಿ ಮಾಡ್ಕೊಂಡು ಮೇಲೆ ಹತ್ತಿತು. ನಾದಿನಿ ಜರಡಿವರೆಗೂ ಹತ್ತಿತು. ಅವಳು ಜರಡಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅಂತ ಕೇಳು. ಡೈರೆಕ್ಟ್ರು 'ಕಟ್' ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಅಂತಲೂ ಕೇಳು. ಶಾಟ್ ಚೆನ್ನಾಗಿ ಬರ್ತಿತ್ತು.

"ಬಿಡೇ, ಜರಡಿ ಬಿಡೇ" ಅಂತ ಜರಡಕ್ಕ ಕಿರುಚಿದ್ಲು. ಹಲಗೆ ಮೇಲೆ ತೆವಳಿಕೊಂಡು ಹೋದ್ಲು. ನಾದಿನಿ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಉರೀತಿರೋ ಜರಡೀನ ಆಡಿಸ್ತಾನೇ ಇದ್ಲು. ಜರಡಕ್ಕ ಅದನ್ನ ಕಾಲಲ್ಲಿ ಒದ್ದು ಬೀಳಿಸಿದ್ಲು. ತನ್ನ ಮೈಮೇಲೇ ಅವಳನ್ನ ಒತ್ತಿ ಹಿಡಿದು ಆರಿಸಿದ್ಲು.

ಕೆಳಗೊಬ್ಬ ಲೈಟಿನೋನು ಗೋಡೆ ಮೇಲಿದ್ದ ಕೆಂಪು ಸಿಲಿಂಡರ್ ಕಡೆ ಓಡಿದ. ಬೆಂಕಿ ಆರಿಸೋದು, ಚೆನ್ನಾಗಿ ಬಣ್ಣ ಬಳಿದು ತೂಗುಹಾಕಿದ್ರು. ಎಳೆದ. ಕೈಲಿ ಎರಡು ತುಂಡಾಗಿ ಬಂತು. ಥರ್ಮೋಕೋಲು. ಹಿಂದಿನ ಸಿನಿಮಾದ ಆಸ್ಪತ್ರೆ ಸೆಟ್‌ಗೆ ಮಾಡಿಸಿದ್ದು. ಚೆನ್ನಾಗಿ ಕಾಣುತ್ತೆ, ಇರಲಿ ಬಿಡು ಅಂತ ಹಾಗೇ ಬಿಟ್ಟಿದ್ರು. ಈ ಒಂದು ಮಾತು ಸುಳ್ಳು ಅಂತ ನಿನಗೆ ಅನಿಸಿದ್ರೆ ಒಳಗೆ ಹೋಗಿ ನೋಡು. ಅಂಟು ಹಾಕಿ ಮತ್ತೆ ಅದನ್ನೇ ತೂಗುಹಾಕಿದ್ದಾರೆ.

ಅವತ್ತು ಹೀರೋ ಎಡಗಡೆ ಹುಬ್ಬು ಸ್ವಲ್ಪ ಸುಟ್ಟಿತು. ಹುಬ್ಬು ಕಾರಲ್ಲಿ ಆಸ್ಪತ್ರೆಗೆ ಹೋಯ್ತು. ನಾದಿನಿ ಹೋದದ್ದು ಲೈಟು ಸಾಗಿಸೋ ಲಾರೀಲಿ. ಅದೂ ಲೈಟುಗಳನ್ನ ಜೋಪಾನವಾಗಿ ಇಳಿಸಿದ ಮೇಲೆ. ಅಲ್ಲೀವರೆಗೂ ಅವಳನ್ನ ಗೋಡೆಗೆ ಒರಗಿಸಿದ್ರು. ಜರಡಕ್ಕ ಅವಳ ಕೈಗಳನ್ನ ಬಕೆಟ್ ನೀರಲ್ಲಿ ಮುಳುಗಿಸಿ ಹಿಡ್ಕೊಂಡು ಕೂತಿದ್ಲು.

"ಅತ್ತಿಗೆ," ಅಂದ್ಲು ನಾದಿನಿ, "ಕಟ್ ಅಂದ್ರಾ?"

ಮಾರನೇ ದಿನ ಪೇಪರ್ ತುಂಬ ಹುಬ್ಬು. ಹುಬ್ಬು ಹೇಗಿದೆ, ಏನು ತಿಂತು, ಯಾವಾಗ ಮನೆಗೆ ಬರುತ್ತೆ. ಆಸ್ಪತ್ರೆ ಮುಂದೆ ಜನ ಹೂ ಹಿಡ್ಕೊಂಡು ನಿಂತು ಅತ್ತರು. ಒಬ್ಬ ತನ್ನ ಎಡಹುಬ್ಬು ಬೋಳಿಸ್ಕೊಂಡು ಬಂದಿದ್ದ, ಬೇಕಾದ್ರೆ ನನ್ನದು ತಗೊಳ್ಳಿ ಅಂತ. ಅದೇ ಆಸ್ಪತ್ರೆ ಹಿಂದುಗಡೆ ವಾರ್ಡಲ್ಲಿ ನಾದಿನಿ ಬೆರಳುಗಳು ಒಂದಕ್ಕೊಂದು ಅಂಟ್ಕೊಂಡು ಒಂದೇ ಆಗ್ತಿದ್ವು. ಅದರ ಬಗ್ಗೆ ಪೇಪರಲ್ಲಿ ಜಾಗ ಸಾಲಲಿಲ್ಲ.

ಪರವಾಗಿಲ್ಲಪ್ಪ ನೋಡೋಕೆ ಬಂದ. ಕಿತ್ತಳೆಹಣ್ಣು ತಂದಿದ್ದ.

"ಸುಲ್ಕೊಂಡು ತಿನ್ನಮ್ಮ, ಮೈಗೆ ಒಳ್ಳೇದು" ಅಂದ.

ನಾದಿನಿ ಬ್ಯಾಂಡೇಜ್ ಸುತ್ತಿದ ಎರಡೂ ಕೈ ಎತ್ತಿ ತೋರಿಸಿದ್ಲು. ಅವನು ನೋಡಿದ. "ಪರವಾಗಿಲ್ಲ" ಅಂದ. ಬಾಗಿಲ ಹತ್ತಿರ ಹೋಗಿ ತಿರುಗಿ, "ಆದ್ರೂ ನೀನು ಜರಡಿ ಬಿಟ್ಟುಬಿಡಬಹುದಾಗಿತ್ತು. ಸ್ವಂತ ಬುದ್ಧಿ ಬೇಡ್ವಾ?" ಅಂದ.

ಜರಡಕ್ಕ ಮಂಚದ ಅಂಚಿಗೆ ಕೂತ್ಲು. ಹಣ್ಣು ಸುಲಿದು ಒಂದೊಂದೇ ತೊಳೆ ನಾದಿನಿ ಬಾಯಿಗಿಟ್ಲು. ಆಮೇಲೆ ದಿನಾ ಅದೇ ಆಯ್ತು. ಊಟ ತಿನಿಸೋದು, ತಲೆ ಬಾಚೋದು, ಕುಪ್ಪಸದ ಹುಕ್ಕು ಹಾಕೋದು. ಮೂಗು ತುರಿಸಿದ್ರೂ ಅತ್ತಿಗೇನೇ ಬರಬೇಕು.

"ಸ್ವಲ್ಪ ಮೇಲೆ. ಇನ್ನೂ ಮೇಲೆ. ಅಯ್ಯೋ, ಅದು ಹಣೆ ಅತ್ತಿಗೆ."

"ನಿನ್ನ ಮೂಗು ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ನಿಮ್ಮಣ್ಣನಿಗೂ ಗೊತ್ತಿಲ್ಲ ಬಿಡು."

ಸಿನಿಮಾ ಬಂತು. ಇಬ್ರೂ ನೋಡೋಕೆ ಹೋದ್ರು. ನಾದಿನಿ ಸೆರಗನ್ನ ಮುಖದ ತುಂಬ ಹೊದ್ದಿದ್ಲು. ಆ ಶಾಟ್ ಬಂತು. ತೆಗೆದುಹಾಕಿರ್ತಾರೆ ಅಂತ ಜರಡಕ್ಕ ಅಂದ್ಕೊಂಡಿದ್ಲು. ಎಲ್ಲಿ ತೆಗೀತಾರೆ. ಇನ್ನೂ ನಿಧಾನ ಮಾಡಿ, ಹಿಂದೆ ಡೋಲು ಬಾರಿಸಿ ಹಾಕಿದ್ರು. ಹೀರೋ ಬೆಳಕಿನ ಒಳಗಿಂದ ನಡೆದು ಬರ್ತಾನೆ. ಜನ ಸೀಟಿನ ಮೇಲೆ ಹತ್ತಿ ಸಿಳ್ಳೆ ಹೊಡೆದ್ರು. ಪಕ್ಕದ ಸೀಟಿನೋನು ನಾದಿನಿ ತೊಡೆ ಮೇಲೆಲ್ಲ ಕಡಲೆಕಾಯಿ ಚೆಲ್ಲಿದ.

ನಾದಿನಿ ಮೊಣಕೈಲಿ ಅತ್ತಿಗೇನ ತಿವಿದ್ಲು. "ನೋಡು, ನಾನೂ ಸಿನಿಮಾದಲ್ಲಿ ಬಂದೆ."

"ಎಲ್ಲೇ?"

"ಅದೇ, ಆ ಬೆಳಕು. ಅದು ನಾನೇ ಅಲ್ವಾ?"

ಜರಡಕ್ಕ ಆಮೇಲೆ ಸಿನಿಮಾ ನೋಡಲಿಲ್ಲ. ಚಪ್ಪಾಳೆ ಹೊಡೆಯೋ ಜನರ ಕೈಗಳನ್ನ ನೋಡ್ತಾ ಕೂತಿದ್ಲು. ಎಲ್ಲರ ಬೆರಳೂ ಬೇರೆಬೇರೆಯಾಗಿ ಇದ್ವು.

ಜನ ಮೆಚ್ಚಿದ್ರು ಅಂದ್ರೆ ಮುಗೀತು. ಮುಂದಿನ ಸಿನಿಮಾಕ್ಕೆ ಡೈರೆಕ್ಟ್ರು, "ನನಗೆ ಅದೇ ಬೆಳಕು ಬೇಕು, ಇನ್ನೂ ದೊಡ್ಡದಾಗಿ" ಅಂದ್ರು. ಹೀರೋ ದೂರ ನಿಲ್ತಾನೆ, ಅವನ ಬಟ್ಟೆ ಹಾಕ್ಕೊಂಡು ಬೇರೆ ಯಾರೋ ಬೆಳಕಲ್ಲಿ ನಡೀತಾರೆ. ಹುಬ್ಬು ಬಹಳ ಮುಖ್ಯ ನೋಡು. ಪರವಾಗಿಲ್ಲಪ್ಪ ಜರಡಕ್ಕನ ಮನೆ ಬಾಗಿಲಿಗೆ ಬಂದ.

"ನಿನ್ನ ಕೈಗುಣ ಯಾರಿಗೂ ಬರಲ್ಲಮ್ಮ. ನೀನೇ ಬರಬೇಕು. ಇನ್ನೊಂದು ತುದಿಗೆ ಯಾರನ್ನಾದ್ರೂ ಹುಡುಕ್ತೀನಿ."

ಒಳಗಿಂದ ನಾದಿನಿ ಕೂಗಿದ್ಲು, "ಹೋಗಬೇಡ ಅತ್ತಿಗೆ."

ಜರಡಕ್ಕ ಅವನ ಮುಖ ನೋಡಿದ್ಲು. "ಬರ್ತೀನಿ" ಅಂದ್ಲು.

ನಾದಿನಿ ಅವತ್ತು ರಾತ್ರಿ ಅವಳ ಕೈಯಿಂದ ಊಟ ಮಾಡಲಿಲ್ಲ.

ಶೂಟಿಂಗ್ ದಿನ ಪಂಜುಗಳು ಮೊದಲಿಗಿಂತ ಜಾಸ್ತಿ. ಮೂಟೆಗಟ್ಟಲೆ ಹಿಟ್ಟು. ಪರವಾಗಿಲ್ಲಪ್ಪ ಮತ್ತೆ ಎಲ್ಲರನ್ನೂ ಕರೆದು, ಗುಡ್ಡೆ ಹಾಕಿಸಿ, ಕಡ್ಡಿ ಗೀರಿ ಚುಚ್ಚಿದ. ಆರಿತು. ಮತ್ತೆ ಚಪ್ಪಾಳೆ. ಅದೇ ಜನ. ಸುಟ್ಟಿದ್ದನ್ನ ನೋಡಿದ ಕಣ್ಣುಗಳೇ ಅವು. ಲಾರೀಗೆ ಎತ್ತಿ ಹಾಕಿದ ಕೈಗಳೇ ಚಪ್ಪಾಳೆ ಹೊಡೆದದ್ದು.

ಹಲಗೆಯ ಇನ್ನೊಂದು ತುದೀಲಿ ಒಬ್ಬಳು ಹೊಸಬಳು. ಸುಮಾರು ನಿನ್ನ ವಯಸ್ಸು. ಅವಳಿಗೂ ಕಪ್ಪು ಬಟ್ಟೆ, ಕೈಗೆ ಮಸಿ.

"ಅಕ್ಕ, ಕಟ್ ಅನ್ನೋವರೆಗೂ ಜರಡಿ ಬಿಡಬಾರದಂತೆ ಅಲ್ವಾ?" ಅಂದ್ಲು.

"ಯಾರು ಹೇಳಿದ್ರು?"

"ಮ್ಯಾನೇಜರ್. ನಾನು ಬಿಡಲ್ಲ ಅಕ್ಕ. ನನಗೆ ಈ ಕೆಲಸ ಬೇಕು."

ಬೆರಳಿನ ಗೆಣ್ಣು ಬೆಳ್ಳಗಾಗೋ ಹಾಗೆ ಹಿಡಿದಿದ್ಲು. ಮಸಿ ಬಳಿದಿದ್ರೂ ಗೊತ್ತಾಗ್ತಿತ್ತು. ಜರಡಕ್ಕ ಆ ಬೆರಳು ನೋಡಿ, ತನ್ನ ಜರಡಿ, ಡಬ್ಬ ಸಮೇತ ಹಲಗೆ ಮೇಲೆ ಅವಳ ಪಕ್ಕಕ್ಕೆ ಸರಿದ್ಲು.

"ಹಿಟ್ಟು" ಅಂದ್ರು ಡೈರೆಕ್ಟ್ರು.

ಹೊಸಬಳ ತೋಳು ಅಲುಗೋದ್ರೊಳಗೆ ಜರಡಕ್ಕ ಅವಳ ಜರಡಿಗೆ ಕೈ ಅಡ್ಡ ಹಿಡಿದ್ಲು. ಹಿಟ್ಟು ಬೀಳಲಿಲ್ಲ.

"ಹಿಟ್ಟು. ಏ ಹಿಟ್ಟು, ಕಿವಿ ಕೇಳಲ್ವಾ?"

"ಕೇಳುತ್ತೆ ಸಾರ್. ಮ್ಯಾನೇಜರ್ ಸಾರ್ ಸ್ವಲ್ಪ ಹಲಗೆ ಕೆಳಗೆ ಬರಲಿ."

"ಏನಮ್ಮ ನಿಂದು?" ಅಂದ ಪರವಾಗಿಲ್ಲಪ್ಪ.

"ಆಗಲೇ ಕಡ್ಡಿ ಗೀರಿ ತೋರಿಸಿದ್ರಲ್ಲ. ಇನ್ನೊಂದು ಕಡ್ಡಿ ಗೀರಿ ಇಲ್ಲಿ ಕೆಳಗೆ ನಿಂತ್ಕೊಳ್ಳಿ. ನಾನು ಮೇಲಿಂದ ಆಡಿಸ್ತೀನಿ. ಊಟದ ಹಿಟ್ಟು ತಾನೇ?"

ಯಾರೂ ಚಪ್ಪಾಳೆ ಹೊಡೀಲಿಲ್ಲ. ಪರವಾಗಿಲ್ಲಪ್ಪನ ಬಾಯಿ 'ಪರವಾಗಿಲ್ಲ' ಅನ್ನೋಕೆ ತೆರೆದುಕೊಂಡಿತು. ಆ ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ.

"ನನಗೆ ಬೆನ್ನುನೋವು. ಜಾಸ್ತಿ ಹೊತ್ತು ನಿಲ್ಲೋ ಹಾಗಿಲ್ಲ" ಅಂದ ಕೊನೆಗೆ.

"ಕುರ್ಚಿ ಹಾಕ್ಕೊಳ್ಳಿ. ನಾಯಿದು ಖಾಲಿ ಇದೆ."

ಯಾರೋ ಮೂಗಲ್ಲಿ ನಕ್ಕರು.

"ನಿಮಗಾಗಲ್ಲ ಅಂದ್ರೆ ಡೈರೆಕ್ಟ್ರು ನಿಲ್ಲಲಿ. ಬೆಳಕು ಅಂದ್ರೆ ಅವರಿಗೆ ಪ್ರಾಣ. ಹತ್ತಿರದಿಂದ ನೋಡಲಿ."

ಡೈರೆಕ್ಟ್ರಿಗೆ ಆಗಲೇ ಫೋನ್ ಬಂತು. ರಿಂಗ್ ಆಗಿದ್ದು ಯಾರಿಗೂ ಕೇಳಲಿಲ್ಲ. ಫೋನು ಟೇಬಲ್ ಮೇಲೇ ಇತ್ತು. ಬರೀ ಕೈಯನ್ನೇ ಕಿವಿಗೆ ಇಟ್ಕೊಂಡು 'ಹಲೋ ಹಲೋ' ಅಂತ ಬಾಗಿಲವರೆಗೂ ಹೋದ್ರು. ಹೀರೋ ಅಷ್ಟರಲ್ಲಿ ಇರಲೇ ಇಲ್ಲ. ನಾಯಿ ಅವನ ಹಿಂದೆ ಹೋಗೋಕೆ ನಾಚಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು, ಇದು ಸತ್ಯ.

"ನೀವ್ಯಾರೂ ನಿಲ್ಲಲ್ಲ" ಅಂದ್ಲು ಜರಡಕ್ಕ. "ಗುಡ್ಡೆಗೆ ಕಡ್ಡಿ ಚುಚ್ಚೋಕೆ ಬರ್ತೀರಿ. ಮೇಲಿಂದ ಬೀಳೋವಾಗ ಒಬ್ಬನೂ ಕೆಳಗಿರಲ್ಲ. ನನ್ನ ನಾದಿನಿ ಕೈ ಉರೀತಿದ್ದಾಗ ಕಟ್ ಅನ್ನೋಕೆ ನಿಮ್ಮ ನಾಲಿಗೆ ಏಳಲಿಲ್ಲ. ಈಗ ಎಲ್ಲಿಗೆ ಓಡ್ತಿದ್ದೀರಿ ಸಾರ್? ಶಾಟ್ ಚೆನ್ನಾಗಿ ಬರ್ತಿದೆ, ಇರಿ."

"ಇಳಿ ಕೆಳಗೆ" ಅಂದ ಪರವಾಗಿಲ್ಲಪ್ಪ. "ನಿನ್ನಂಥೋರು ಬೇಕಾದಷ್ಟು ಜನ ಸಿಗ್ತಾರೆ."

"ಸಿಗಲಿ. ಅವರಿಗೂ ಎರಡೇ ಕೈ."

ಆಮೇಲೆ ಅವಳು ಜರಡೀನ ಡಬ್ಬದ ಮೇಲೆ ಬೋರಲು ಹಾಕಿದ್ಲು. ಹಲಗೆ ಮೇಲೆ ಎದ್ದು ನಿಂತ್ಲು. ಕಾಲು ಮಡಚಿ ಮಡಚಿ ಜೋಮು ಹಿಡಿದಿತ್ತು, ಹಗ್ಗ ಹಿಡ್ಕೊಂಡು ನಿಂತ್ಲು. ಶೂಟಿಂಗ್ ಫ್ಲೋರಿನ ಮೂಲೆಮೂಲೆಗೂ ಕೇಳೋ ಹಾಗೆ ಅಂದ್ಲು.

"ಕಟ್."

ಪಂಜು ಹಿಡಿದೋನೊಬ್ಬ ತನ್ನ ಪಂಜನ್ನ ಬಕೆಟ್ ನೀರಿಗೆ ಅದ್ದಿದ. ಚುಂಯ್ ಅಂತು. ಪಕ್ಕದೋನೂ ಅದ್ದಿದ. ಲೈಟಿನೋನು ಲೈಟ್ ಆರಿಸಿದ. ಅವತ್ತು ಕಟ್ ಅಂದ್ರೆ ಕಟ್ ಆಯ್ತು. ಹೊಸಬಳು ಮಾತ್ರ ಇನ್ನೂ ಜರಡಿ ಹಿಡಿದೇ ಕೂತಿದ್ಲು. ಜರಡಕ್ಕ ಅವಳ ಬೆರಳುಗಳನ್ನ ಒಂದೊಂದಾಗಿ ಬಿಡಿಸಿದ್ಲು.

ಸಂಜೆ ಮನೆಗೆ ಹೋಗಿ ತಟ್ಟೆ ಹಾಕಿದ್ಲು. ನಾದಿನಿ ಬಾಯಿ ಬಿಗಿದು ಗೋಡೆ ನೋಡ್ತಿದ್ಲು.

"ಕಟ್ ಅಂದೆ ಕಣೇ" ಅಂದ್ಲು ಜರಡಕ್ಕ.

ನಾದಿನಿ ತಿರುಗಿ ನೋಡಿದ್ಲು. ಬಾಯಿ ತೆರೆದ್ಲು. ಮೊದಲ ತುತ್ತು ತಿಂದು, "ಉಪ್ಪಿಲ್ಲ" ಅಂದ್ಲು.

ಅಷ್ಟೇ ತಂಗಿ. ಅವಳನ್ನ ತೆಗೆದುಹಾಕಿದ್ರು. ಆ ಹೊಸಬಳೂ ಬಿಟ್ಟು ಹೋದ್ಲು. ಕೆಲವು ತಿಂಗಳು ಹಲಗೆ ಖಾಲಿ ಇತ್ತು. ಆದ್ರೆ ಹಗ್ಗ ಬಿಚ್ಚಲಿಲ್ಲ ಅವರು. ಡೈರೆಕ್ಟ್ರಿಗೆ ಇನ್ನೂ ಬೆಳಕು ಬೇಕು. ಪರವಾಗಿಲ್ಲಪ್ಪನ ಜೇಬಲ್ಲಿ ಇನ್ನೂ ಬೆಂಕಿಪೊಟ್ಟಣ ಇದೆ. ಇವತ್ತೂ ಗುಡ್ಡೆ ಹಾಕಿಸ್ತಾನೆ, ಇವತ್ತೂ ಆರುತ್ತೆ, ನೀನೂ ಚಪ್ಪಾಳೆ ಹೊಡೀಬಹುದು. ಹೊಡೆಯೋವಾಗ ನಿನ್ನ ಬೆರಳು ಒಂದು ಸಲ ನೋಡ್ಕೋ.

ಒಲೆ ಹತ್ತಿರ ಬೆನ್ನು ತೋರಿಸಿ ಟೀ ಸೋಸ್ತಿದ್ದಾಳಲ್ಲ, ಈಗೀಗ ಮಾತು ಕಮ್ಮಿಯಾಗಿದೆ ಅವಳದು. ಈಗ ಅವಳು ಜರಡಿ ಹಿಡಿಯೋದು ಅದಕ್ಕೊಂದಕ್ಕೇ. ನಿನಗೆ ಲೋಟ ಕೊಟ್ಟೋಳು ಅವಳ ನಾದಿನಿ. ಅವಳು ಇಲ್ಲೂ ಟೀ ತೆಳ್ಳಗಿದೆ ಅಂತಲೇ ಬೈತಾಳೆ, ಕೇಳಿಸ್ಕೊಂಡಿಲ್ವಾ?

ಹಾಂ, ಗೇಟು ತೆಗೆದ್ರು. ಅಲ್ನೋಡು, ಪರವಾಗಿಲ್ಲಪ್ಪ ತಲೆ ಹೊರಗೆ ಹಾಕಿದ್ದಾನೆ. 'ಏ ಹಿಟ್ಟು, ಬಾ ಒಳಗೆ' ಅಂತಿದ್ದಾನಲ್ಲ, ನಿನ್ನನ್ನೇ ಕರೀತಿರೋದು, ಅದು ಈಗ ನಿನ್ನ ಹೆಸರು. ಒಳಗೆ ಹೋದ ತಕ್ಷಣ ಮೊದಲು ಏಣಿ ಮೆಟ್ಟಿಲು ನೋಡ್ಕೋ, ಆಮೇಲೆ ಹಲಗೆ ಹಗ್ಗ, ಆಮೇಲೆ ಗೋಡೆ ಮೇಲಿನ ಕೆಂಪು ಸಿಲಿಂಡರನ್ನ ಒಂದು ಬೆರಳಲ್ಲಿ ಎತ್ತಿ ನೋ... ಅರೆ, ಲೋಟ ಇಟ್ಟೆಯಾ? ತಂಗಿ, ಗೇಟು ಈ ಕಡೆ, ನೀನು ಹೋಗ್ತಿರೋದು ಬಸ್‌ಸ್ಟಾಪಿನ ಕಡೆ...